ನೀಲಾಳ ಹೆಸರಿಗೆ ಬಂದ ಹಿಟ್ಟು

ಗಿರಣಿಯಲ್ಲಿ ನನ್ನ ಮುಂದಿನ ಪಾಳಿಯವರು ಗೋವಿನಜೋಳ ಬೀಸಿಸುತ್ತಿದ್ದರು. ರಾಣೆಬೆನ್ನೂರಿನ ನಮ್ಮ ಓಣಿಯ ಗಿರಣಿಗೆ ಸಾಮಾನ್ಯವಾಗಿ ಬರುವುದು ಬಿಳಿಜೋಳ, ಗೋಧಿ, ಹಬ್ಬ ಹತ್ತಿರ ಬಂದರೆ ಕಡಲೆಬೇಳೆ. ಸುತ್ತಲಿನ ಹೊಲಗಳಲ್ಲೆಲ್ಲ ಗೋವಿನಜೋಳವೇ ನಿಂತಿದ್ದರೂ ಅದು ಲಾರಿ ಹತ್ತಿ ಕೋಳಿ ಆಹಾರ ಮಾಡುವಲ್ಲಿಗೆ ಹೋಗುತ್ತದೆ. ಮನೆಯಲ್ಲಿ ತಿನ್ನುವವರು ಕಡಿಮೆ. ಆ ದಿನ ಯಾರೋ ಎಮ್ಮೆಗೆಂದು ಒಂದು ಚೀಲ ತಂದಿದ್ದರು. ಹಿಟ್ಟು ಬಿಸಿಬಿಸಿಯಾಗಿ ಡಬ್ಬಿಗೆ ಬೀಳುತ್ತಿತ್ತು. ಸ್ವಲ್ಪ ಸಿಹಿಯಾದ, ಸ್ವಲ್ಪ ಸುಟ್ಟಂಥ ಆ ವಾಸನೆ ಮೂಗಿಗೆ ತಾಗಿದ್ದೇ ನಾನು ಬುಟ್ಟಿ ಕೆಳಗಿಟ್ಟು ಗೋಡೆ ಹಿಡಿದುಕೊಂಡೆ.

"ಸಿಸ್ಟರ್, ಆರಾಮ ಇಲ್ಲೇನ್ರಿ? ಇಲ್ಲೆ ಕುಂದ್ರಿ," ಎಂದು ಗಿರಣಿಯವನು ಚೀಲವೊಂದನ್ನು ಸರಿಸಿಕೊಟ್ಟ.

"ಏನಿಲ್ಲಪಾ, ಧೂಳು," ಎಂದೆ.

ಧೂಳಾಗಿರಲಿಲ್ಲ. ಆ ವಾಸನೆಯಲ್ಲಿ ಮಲಾವಿಯ ಒಂದು ಮಳೆಗಾಲವಿತ್ತು, ನನ್ನ ತಂಗಿ ನೀಲಾ ಇದ್ದಳು.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ವರ್ಷಗಳು ಅವು. ನಾನು ರಾಣೆಬೆನ್ನೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ಮನೆ ಬ್ಯಾಡಗಿಯಲ್ಲಿ. ಅಪ್ಪನದು ಮೆಣಸಿನಕಾಯಿ ಪ್ಯಾಟಿಯ ಹತ್ತಿರ ಖಾಲಿ ಚೀಲ ಮಾರುವ ಅಂಗಡಿ. ನೋಡಲು ಬಂದ ಗಂಡಿನ ಕಡೆಯವರೆಲ್ಲ ರಾತ್ರಿ ಪಾಳಿಯ ಕೆಲಸ ಬಿಡಬೇಕು ಎಂದರು, ನಾನು ಬಿಡುವುದಿಲ್ಲ ಎಂದೆ. ಹಾಗೆ ನನಗೆ ಮೂವತ್ತು ದಾಟಿತು. ನೀಲಾಳ ಲಗ್ನ ಮೊದಲಾಯಿತು. ಅವಳನ್ನು ಕದರಮಂಡಲಗಿಗೆ ಕೊಟ್ಟೆವು. ಅದೇ ವರ್ಷ ನಮ್ಮ ಡಾಕ್ಟರಮ್ಮ, ಆಫ್ರಿಕದ ಹಳ್ಳಿಗಳಿಗೆ ಸ್ವಯಂಸೇವಕ ನರ್ಸುಗಳನ್ನು ಕಳಿಸುವ ಒಂದು ಸಂಸ್ಥೆಯ ವಿಷಯ ಹೇಳಿದರು. ಒಂದು ವರ್ಷದ ಸೇವೆ. ಊಟ, ವಸತಿ, ಹೋಗಿಬರುವ ಖರ್ಚು ಅವರದು. ನಾನು ಹೂಂ ಎಂದೆ.

ಮನೆಯಲ್ಲಿ ಅವ್ವ ಮಾತು ಬಿಟ್ಟಳು. ಅಪ್ಪ, "ಆಫ್ರಿಕಾ ಅಂದ್ರ ಯಾ ಕಡೆ ಬರತೈತಿ?" ಎಂದು ಕೇಳಿದ. ಒಪ್ಪಿಸಿದವಳು ನೀಲಾ.

"ಅಪ್ಪಾ, ಹೋಗಿ ಬರ್ಲಿ ಬಿಡು. ಒಂದ ವರ್ಷ ಅಂದ್ರ ಎಷ್ಟರದು? ಅವ್ವನ್ನ ನಾ ನೋಡ್ಕೋತೇನಿ, ಇಲ್ಲೇ ಕದರಮಂಡಲಗ್ಯಾಗ ಇರ್ತೇನಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನನ್ನ ಬಾಣಂತನಕ್ಕ ಮಾತ್ರ ಬಂದಿರಬೇಕ ನೋಡಕ್ಕಾ. ಊರ ಮಂದೀದೆಲ್ಲಾ ಮಾಡ್ತೀ, ನಂದ ಯಾರ ಮಾಡೋರು?" ಎಂದಳು.

ಮಲಾವಿಯ ದಕ್ಷಿಣ ತುದಿಯಲ್ಲಿ, ಶಿರೆ ನದಿಯ ಬಯಲಿನಲ್ಲಿ ನಮ್ಮ ಆರೋಗ್ಯ ಕೇಂದ್ರ. ತಗಡಿನ ಸೂರು, ಕೆಲವೇ ಹಾಸಿಗೆ, ಅಂಗಳದಲ್ಲಿ ದೊಡ್ಡ ಮಾವಿನ ಮರ. ಅಲ್ಲಿಯ ನರ್ಸ್ ಎನಿಫಾ. ನಾನು ಹೋಗುವವರೆಗೆ ಹೆರಿಗೆಗಳೆಲ್ಲ ಅವಳೊಬ್ಬಳ ಕೈಯಲ್ಲೇ ಆಗುತ್ತಿದ್ದವು. ನನ್ನದೇ ವಯಸ್ಸು, ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ಕೇಂದ್ರದ ಹಿಂದಿನ ಅವಳ ಮನೆಯಲ್ಲೇ ಒಂದು ಕೋಣೆ ನನಗೆ ಬಿಟ್ಟುಕೊಟ್ಟಿದ್ದಳು. ಹೋದ ಮರುದಿನ ಬೆಳಿಗ್ಗೆ ಬಾಗಿಲ ಹೊರಗೆ ಯಾರೋ "ಓಡಿ! ಓಡಿ!" ಎಂದು ಕೂಗಿದರು. ನಾನು ಹಾವೋ ಬೆಂಕಿಯೋ ಎಂದು ಬರಿಗಾಲಲ್ಲಿ ಹೊರಗೆ ಓಡಿಬಂದೆ. ಅಂಗಳದಲ್ಲಿ ಒಬ್ಬ ಮುದುಕಿ ಸೊಪ್ಪಿನ ಕಟ್ಟು ಹಿಡಿದು ನಿಂತಿದ್ದಳು. ಒಳಗೆ ಬರಬಹುದೇ ಎಂದು ಕೇಳುವ ರೀತಿ ಅಲ್ಲಿ ಅದು. ಓಡಿ ಎಂದರೆ ನಮ್ಮಲ್ಲಿ ಏನು ಎಂದು ಎನಿಫಾಗೆ ಹೇಳಿದಾಗ ಅವಳು ನೆಲಕ್ಕೆ ಕೂತು ನಕ್ಕಳು. ಆಮೇಲೆ ತಿಂಗಳುಗಟ್ಟಲೆ ನನ್ನ ಬಾಗಿಲಿಗೆ ಬಂದವಳು "ಓಡಿ" ಎಂದು, "ಆದರೆ ಓಡಬೇಡ" ಎಂದು ಇಂಗ್ಲಿಷಿನಲ್ಲಿ ಸೇರಿಸುತ್ತಿದ್ದಳು.

ಬೆಳಿಗ್ಗೆ ಮಾವಿನ ಮರದ ಕೆಳಗೆ ತಾಯಂದಿರ ಸಾಲು. ಕೊಂಬೆಗೆ ತಕ್ಕಡಿ ಕಟ್ಟಿ, ಕೂಸುಗಳನ್ನು ಚಡ್ಡಿಯಂಥ ಬಟ್ಟೆ ಚೀಲದಲ್ಲಿ ತೂಗುಹಾಕಿ ತೂಕ ನೋಡುತ್ತಿದ್ದೆವು. ಸೊಳ್ಳೆಪರದೆಯ ಮೇಲೆ, ಕುದಿಸಿದ ನೀರಿನ ಮೇಲೆ ಹಾಡು ಕಟ್ಟಿ ಎನಿಫಾ ಹಾಡಿಸುತ್ತಿದ್ದಳು. ಹೆಂಗಸರು ಚಪ್ಪಾಳೆ ತಟ್ಟಿ ಕುಣಿದೇ ಬಿಡುತ್ತಿದ್ದರು. ಮಧ್ಯಾಹ್ನ ಜ್ವರದ ಮಕ್ಕಳು. ಹೆರಿಗೆ ಯಾವಾಗಲೂ ಇದ್ದೇ ಇರುತ್ತಿತ್ತು. ಸಂಜೆ ಎನಿಫಾ ಬಿಳಿ ಗೋವಿನಜೋಳದ ಹಿಟ್ಟನ್ನು ಕುದಿವ ನೀರಿಗೆ ಹಾಕಿ ತಿರುವಿ ತಿರುವಿ, ನಮ್ಮ ಜೋಳದ ನುಚ್ಚಿಗಿಂತ ಗಟ್ಟಿಯಾದ ನ್ಸಿಮಾ ಮಾಡುತ್ತಿದ್ದಳು. ಅಲ್ಲಿ ಅದೇ ಅನ್ನ. ಅದು ಹೊಟ್ಟೆಗೆ ಬೀಳದಿದ್ದರೆ ಬೇರೆ ಏನು ತಿಂದರೂ ಊಟ ಮಾಡಿಲ್ಲ ಎನ್ನುವ ಜನ. "ನಿಮ್ಮಲ್ಲೂ ಇದನ್ನು ಬೆಳೆಯುತ್ತಾರಾ?" ಎಂದು ಅವಳು ಕೇಳಿದಾಗ, "ಬೆಳೆಯುತ್ತಾರೆ, ಕೋಳಿಗೆ ಹಾಕುತ್ತಾರೆ," ಎಂದಿದ್ದೆ. ಆಗ ಇಬ್ಬರೂ ನಕ್ಕೆವು.

ಭಾನುವಾರ ಸೈಕಲ್ ಹತ್ತಿ ಟಾರು ರಸ್ತೆಯ ಅಂಗಡಿ ಸಾಲಿಗೆ ಹೋಗಿ, ಅಲ್ಲಿಯ ಫೋನಿನಿಂದ ಅಪ್ಪನ ಅಂಗಡಿಗೆ ಮಾತಾಡುತ್ತಿದ್ದೆ. ನೀಲಾ ತವರಿಗೆ ಬಂದಿದ್ದರೆ ಅಪ್ಪನ ಕೈಯಿಂದ ಕಸಿದುಕೊಂಡು ಮಾತಾಡುವಳು. ಒಂದು ಭಾನುವಾರ, "ಅಕ್ಕಾ, ಹುಣಸೀಕಾಯಿ ತಿನ್ನಬೇಕ ಅನಸಾಕತ್ತೈತಿ," ಎಂದಳು. ನಾನು ಅಂಗಡಿಯವನ ಎದುರೇ ಕೂಗಿಬಿಟ್ಟೆ. ಲೆಕ್ಕ ಹಾಕಿದರೆ ದಿನ ತುಂಬುವುದು ಮಾರ್ಚ್ ಕೊನೆಗೆ. ಸಂಸ್ಥೆಯವರನ್ನು ಕೇಳಿ ಮಾರ್ಚಿಗೆ ರಜೆ ಹಾಕಿಕೊಂಡೆ. ನೀಲಾಗೆ ಹೇಳಿದೆ. ಆಮೇಲೆ ಪ್ರತಿ ಸಲ ಅವಳದು ಒಂದೇ ಮಾತು: "ಮಾರ್ಚ್, ಹೂಂ?"

ಮಳೆ ಹಿಡಿದದ್ದು ಡಿಸೆಂಬರಿನಲ್ಲಿ. ಮಣ್ಣಿನ ರಸ್ತೆ ಕೊಚ್ಚಿತು, ನದಿ ಉಬ್ಬಿತು, ಸೊಳ್ಳೆ ಎದ್ದವು. ಗೋವಿನಜೋಳ ಹೊಲದಲ್ಲಿ ಹಸಿರಾಗಿ ಎದೆಯೆತ್ತರ ನಿಂತಿತ್ತು, ಮನೆಯ ಕಣಜಗಳು ಖಾಲಿಯಾಗಿದ್ದವು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತಂತೆ. ಹಸಿರು ಹೊಲದ ನಡುವೆ ಜನ ಹಸಿದು ಕೂರುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಾವಿನಹಣ್ಣು ಇರುವವರೆಗೆ ಮಾವು ತಿಂದರು. ಆಮೇಲೆ ಹೆಂಗಸರು ನದಿಯ ಬದಿಯ ನೀರಿಗಿಳಿದು, ಮೊಸಳೆಯ ಭಯದಲ್ಲೇ, ನೈದಿಲೆಯ ಗೆಡ್ಡೆ ಕಿತ್ತು ತಂದು ಬೇಯಿಸಿದರು. ತಕ್ಕಡಿಯ ಹತ್ತಿರ ಹಾಡು ನಿಂತಿತು. ಕೋಳಿಗೆ ಹಾಕುತ್ತೇವೆ ಎಂದ ನನ್ನ ಮಾತು ಈಗ ನನ್ನ ಕಿವಿಗೇ ಚುಚ್ಚುತ್ತಿತ್ತು.

ಆ ಸಾಲಿನಲ್ಲಿ ಮಲಿತಾ ಎಂಬ ಹುಡುಗಿ ಬರುತ್ತಿದ್ದಳು. ಇಪ್ಪತ್ತೂ ದಾಟಿರಲಿಲ್ಲ. ಗಂಡ ಕಬ್ಬಿನ ತೋಟದ ಕೆಲಸ ಹುಡುಕಿ ಹೋದವನು ತಿರುಗಿ ಬಂದಿರಲಿಲ್ಲ. ಅವಳ ಕೂಸು ಚಿಸೋಮೊ ನನ್ನ ಕೈಯಲ್ಲೇ ಹುಟ್ಟಿದ್ದು. ಪ್ರತಿ ಸಲ ತೂಗಿದಾಗಲೂ ತೂಕ ಇಳಿದಿರುತ್ತಿತ್ತು. ಇದ್ದಾಗ ಹಾಲಿನ ಪುಡಿ ಕೊಡುತ್ತಿದ್ದೆವು. ಇಲ್ಲದಾಗ ಇಲ್ಲ ಎನ್ನುತ್ತಿದ್ದೆವು. ಅವಳು ಎರಡಕ್ಕೂ ಮಂಡಿ ಬಗ್ಗಿಸಿ "ಜಿಕೋಮೊ" ಎನ್ನುತ್ತಿದ್ದಳು. ಉಪಕಾರವಾಯಿತು ಎಂದು.

ಫೆಬ್ರವರಿಯ ಒಂದು ಭಾನುವಾರ ಫೋನು ಹಚ್ಚಿದಾಗ ಎತ್ತಿದ್ದು ಅಪ್ಪನಲ್ಲ, ಪಕ್ಕದ ಕಿರಾಣಿ ಅಂಗಡಿಯ ವೀರಣ್ಣ ಕಾಕಾ.

"ಯಾರು, ಸುಮಾನ? ಅಪ್ಪಾರು ಇಲ್ಲವ್ವಾ, ಕದರಮಂಡಲಗ್ಯಾಗ ಅದಾರ. ಅಂಗಡಿ ಕೀಲಿ ನನ್ನ ಕಡೆ ಕೊಟ್ಟ ಹೋಗ್ಯಾರ."

"ಯಾಕ್ರಿ ಕಾಕಾ?"

ಅವನ ಹಿಂದೆ ಪ್ಯಾಟಿಯ ಗದ್ದಲ ಕೇಳುತ್ತಿತ್ತು.

"ನಿನಗ ಯಾರೂ ಹೇಳಿಲ್ಲೇನವ್ವಾ?" ಎಂದ ಕಾಕಾ. ಆಮೇಲೆ, "ನೀಲವ್ವ ಹೋದ್ಲ ಬೇ," ಎಂದ.

ಎಂಟನೆಯ ತಿಂಗಳಲ್ಲೇ ಬೇನೆ ಬಂತು. ಸೀಮಂತದ ಕುಬಸ ಮುಗಿದಿತ್ತು, ಇನ್ನೇನು ತವರಿಗೆ ಕರೆತರುವುದಿತ್ತು. ಕೂಸು ಮನೆಯಲ್ಲೇ ಹುಟ್ಟಿತು, ಹೆಣ್ಣು. ಆಮೇಲೆ ರಕ್ತ ನಿಲ್ಲಲಿಲ್ಲ. ಜೀಪು ಮಾಡಿಕೊಂಡು ಹಾವೇರಿಗೆ ಹೊರಟರು. ಮೋಟೆಬೆನ್ನೂರು ದಾಟುವುದರೊಳಗೆ ಎಲ್ಲ ಮುಗಿದಿತ್ತು. ನಾನು ಫೋನು ಮಾಡುವ ಹೊತ್ತಿಗೆ ಮಣ್ಣೂ ಆಗಿತ್ತು.

ಸೈಕಲ್ ಹತ್ತಲು ಆಗಲಿಲ್ಲ. ತಳ್ಳಿಕೊಂಡೇ ಬಂದೆ. ದಾರಿಯಲ್ಲಿ ಮಳೆ ಶುರುವಾಯಿತು. ಎದುರಿಗೆ ಬಂದವರೆಲ್ಲ ಎಂದಿನಂತೆ ನಿಂತು ಕ್ಷೇಮ ಕೇಳಿದರು, ನಾನೂ ಎಂದಿನಂತೆ ಚೆನ್ನಾಗಿದ್ದೇನೆ ಎಂದೆ. ಎನಿಫಾ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. "ನನ್ನ ತಂಗಿ ಸತ್ತಳು, ಹೆರಿಗೆಯಲ್ಲಿ," ಎಂದೆ. ಆ ಇಂಗ್ಲಿಷ್ ಮಾತು ಬೇರೆ ಯಾರದೋ ಕೇಸಿನ ವರದಿಯಂತೆ ಕೇಳಿಸಿತು.

"ಪೆಪಾನಿ," ಎಂದಳು ಎನಿಫಾ. ನೋವಾಯಿತು ಎನ್ನಲೂ ಅದೇ ಮಾತು, ಕ್ಷಮಿಸು ಎನ್ನಲೂ ಅದೇ. ಕೈ ತೊಳೆದುಕೊಂಡು ನನ್ನ ಕೋಣೆಗೆ ಹೋದವಳು ಮಂಚ, ಮೇಜು, ಕುರ್ಚಿ ಎಲ್ಲ ಹೊರಗೆಳೆದು ಹಾಕತೊಡಗಿದಳು. ಕೋಣೆ ಖಾಲಿ ಮಾಡಿ ನನ್ನನ್ನು ಕಳಿಸಿಬಿಡುತ್ತಾಳೆ ಎಂದುಕೊಂಡೆ.

"ಏನು ಮಾಡುತ್ತಿದ್ದೀ ಎನಿಫಾ?"

"ಜನ ಬರುತ್ತಾರೆ. ಕೂರಲು ಜಾಗ ಬೇಕು."

"ಯಾವ ಜನ? ಅವಳು ಸತ್ತದ್ದು ಇಲ್ಲಲ್ಲ. ಇಲ್ಲಿ ಅವಳು ಯಾರಿಗೂ ಗೊತ್ತಿಲ್ಲ."

ಎನಿಫಾ ಚಾಪೆ ಬಿಚ್ಚುತ್ತ, "ನೀನು ಗೊತ್ತಲ್ಲ," ಎಂದಳು.

ಸಂಜೆಯಾಗುವುದರೊಳಗೆ ಅವರು ಬಂದರು. ಬಾಗಿಲು ತೆರೆದೇ ಇತ್ತು, ಯಾರೂ "ಓಡಿ" ಎನ್ನಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಬಗ್ಗಿ ಒಳಗೆ ಬಂದು, ಗೋಡೆಗುಂಟ ಕಾಲು ಚಾಚಿ ಕೂತರು. ನಾನು ಹೆರಿಗೆ ಮಾಡಿಸಿದವರು, ಬೈದು ಔಷಧ ಕುಡಿಸಿದವರು, ಸಾಲು ಮುರಿದರೆಂದು ಗದರಿದವರು. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಮುಚ್ಚಿದ ಒಂದು ತಟ್ಟೆ. ಕೋಣೆಯ ಮೂಲೆಯಲ್ಲಿ ತಟ್ಟೆಗಳನ್ನು ಇಟ್ಟು ಬಟ್ಟೆ ತೆಗೆದರು. ಹಿಟ್ಟು. ಕೆಲವರದು ಬೊಗಸೆಯಷ್ಟು, ಕೆಲವರದು ಅದಕ್ಕೂ ಕಡಿಮೆ, ಒಂದೆರಡರಲ್ಲಿ ಹೊಟ್ಟು ಬೆರೆತು ಕಂದಾಗಿದ್ದದ್ದು. ಸಾವಿನ ಮನೆಗೆ ಬುತ್ತಿ ಒಯ್ಯುವುದು ನಮ್ಮಲ್ಲೂ ಉಂಟು. ಆದರೆ ಈ ಹೆಂಗಸರ ಮನೆಗಳಲ್ಲಿ ಆ ವಾರ ಒಲೆ ಹೊತ್ತದ ದಿನಗಳಿದ್ದವು. ತಕ್ಕಡಿ ನನ್ನ ಕೈಯಲ್ಲೇ ಇತ್ತಲ್ಲ, ನನಗೆ ಗೊತ್ತಿತ್ತು.

ಮಲಿತಾಳೂ ಬಂದಳು. ಬೆನ್ನಿಗೆ ಚಿಸೋಮೊ, ಕೈಯಲ್ಲಿ ತಟ್ಟೆ. ನಾನು ಎದ್ದು ಅದನ್ನು ಅವಳ ಕೈಗೇ ತಿರುಗಿ ಕೊಡಲು ಹೋದೆ. ಎನಿಫಾ ನನ್ನ ಮಣಿಕಟ್ಟು ಹಿಡಿದಳು.

"ಬೇಡ ಅನ್ನಬೇಡ."

"ಅವಳ ಕೂಸಿಗೆ ಇಲ್ಲ, ಎನಿಫಾ."

"ಗೊತ್ತು. ಆದರೂ ಬೇಡ ಅನ್ನಬೇಡ. ಅವಳ ಮುಖ ನೋಡು."

ನೋಡಿದೆ. ಮಲಿತಾ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆದರಿದಂತೆ ನನ್ನನ್ನೇ ನೋಡುತ್ತಿದ್ದಳು. ನಾನು ತೆಗೆದುಕೊಂಡೆ. ಅವಳಂತೆಯೇ ಮಂಡಿ ಬಗ್ಗಿಸಿ "ಜಿಕೋಮೊ" ಎಂದೆ. ಆಗ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಎಲ್ಲರ ಹಿಟ್ಟು ಸೇರಿಸಿ ಅಂಗಳದಲ್ಲಿ ಒಂದೇ ಪಾತ್ರೆಯಲ್ಲಿ ನ್ಸಿಮಾ ಮಾಡಿದರು. ಎಲ್ಲರೂ ಉಂಡರು, ಮಕ್ಕಳೂ ಉಂಡವು. ಮಲಿತಾ ತನ್ನ ಪಾಲಿನಿಂದ ಚಿಟಿಕೆ ಚಿಟಿಕೆ ಮೆತ್ತಗೆ ಮಾಡಿ ಚಿಸೋಮೊಗೆ ತಿನ್ನಿಸಿದಳು. ಎನಿಫಾ ನನಗೆ ತುತ್ತು ಕಟ್ಟಿ ಬಾಯಿಗಿಟ್ಟಳು. ಆಮೇಲೆ ಅವರು ಹಾಡಿದರು. ನನಗೆ ಗೊತ್ತಿಲ್ಲದ ದೇವರ ಹಾಡು. ನಡುನಡುವೆ "ನೀಲಾ" ಎಂದು ಕೇಳಿಸಿತು. ಹೆಸರನ್ನು ಎನಿಫಾ ಹೇಳಿಕೊಟ್ಟಿದ್ದಳು. ಬ್ಯಾಡಗಿ, ಕದರಮಂಡಲಗಿ, ಹಾವೇರಿ ಬಿಟ್ಟು ಬೇರೆಲ್ಲಿಯೂ ಹೆಚ್ಚು ಓಡಾಡದವಳ ಹೆಸರನ್ನು ಅವಳು ಕಾಣದ ನದಿಯ ದಂಡೆಯ ಹೆಂಗಸರು ಹಾಡಿನೊಳಗೆ ಸೇರಿಸಿಕೊಂಡಿದ್ದರು. ಹಾಡುತ್ತ ಹಾಡುತ್ತ ಅಲ್ಲೇ ನೆಲದ ಮೇಲೆ ನನ್ನ ಸುತ್ತ ಮಲಗಿಬಿಟ್ಟರು. ಕೆಲವು ದಿನ ಹಾಗೆಯೇ ನಡೆಯಿತು. ಬೆಳಿಗ್ಗೆ ಹೊಲಕ್ಕೆ ಹೋಗುವರು, ಸಂಜೆ ಬರುವರು. ನನ್ನನ್ನು ಒಂಟಿಯಾಗಿ ಬಿಡಲೇ ಇಲ್ಲ.

ಸುದ್ದಿ ತಿಳಿದ ಮರುದಿನ ಅಪ್ಪ ಫೋನಿಗೆ ಸಿಕ್ಕಿದ್ದ. "ನಾ ಬರ್ತೇನಪ್ಪಾ," ಎಂದೆ.

"ಬಂದ ಏನ ನೋಡ್ತೀ ಸುಮಾ? ಮಣ್ಣಾತು. ಹಿಡದ ಕೆಲಸಾ ಮುಗಿಸ್ಕೊಂಡ ಬಾ."

"ಅವ್ವ ಏನಂತಾಳ?"

"ಏನೂ ಅನ್ನಂಗಿಲ್ಲ."

ಮಾರ್ಚಿನ ರಜೆಯನ್ನು ನಾನೇ ಬೇಡ ಎಂದೆ.

ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಒಬ್ಬ ಬಾಣಂತಿಗೆ ರಕ್ತ ನಿಲ್ಲಲಿಲ್ಲ. ಎನಿಫಾ ಇಂಜೆಕ್ಷನ್ ಚುಚ್ಚಿದಳು. ನಾನು ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವವರೆಗೆ ತಿಕ್ಕಿದೆ. ನಿಂತಿತು. ಹೆಂಗಸು ಕಣ್ಣುಬಿಟ್ಟು ನೀರು ಕೇಳಿದಳು. ನನಗೆ ಅವಳ ಮೇಲೆ ತಡೆಯಲಾರದ ಸಿಟ್ಟು ಬಂತು. ನೀನು ಯಾಕೆ ಉಳಿದೆ? ಹೊರಗೆ ಬಂದು ಮಾವಿನ ಮರಕ್ಕೆ ಆತು ನಿಂತೆ. ಕೈಯಿಂದ ರಕ್ತ ತೊಳೆದಿರಲಿಲ್ಲ. ಎನಿಫಾ ತಂಬಿಗೆ ತಂದು ನೀರು ಹುಯ್ದಳು, ಬೆರಳು ಬೆರಳು ತೊಳೆದಳು. ಆ ಹೆಂಗಸು ಮನೆಗೆ ಹೊರಡುವ ದಿನ ನನ್ನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಸಿಟ್ಟು ಅಷ್ಟುಹೊತ್ತಿಗೆ ಹೋಗಿತ್ತು. ಸಂತೋಷ ಮಾತ್ರ ಬರಲಿಲ್ಲ.

ತೆನೆ ಹಾಲುಗಾಳು ಕಟ್ಟುತ್ತಿದ್ದಂತೆ, ಇನ್ನೇನು ಹಸಿ ತೆನೆ ಸುಟ್ಟು ತಿನ್ನಬಹುದು ಎನ್ನುವ ಹೊತ್ತಿಗೆ, ಚಿಸೋಮೊ ಜ್ವರದಲ್ಲಿ ಹೋದಳು. ನಾವು ಮಾಡಬಹುದಾದದ್ದನ್ನೆಲ್ಲ ಮಾಡಿದ್ದೆವು. ಸಂಜೆ ನಾನು ಎನಿಫಾಳ ಡಬ್ಬಿಯಿಂದ ಹಿಟ್ಟು ತೆಗೆದು ತಟ್ಟೆಗೆ ಹಾಕಿ, ಬಟ್ಟೆ ಮುಚ್ಚಿ, ಅವಳ ಜೊತೆ ಮಲಿತಾಳ ಗುಡಿಸಲಿಗೆ ಹೋದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕಾಲು ಚಾಚಿ ಕೂತೆ. ಹಾಡು ನನಗೆ ಪೂರ್ತಿ ಬರುತ್ತಿರಲಿಲ್ಲ, ಬಂದಷ್ಟು ಹಾಡಿದೆ. ಮಲಿತಾ ಬಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು.

ಜೂನಿನಲ್ಲಿ ಬ್ಯಾಡಗಿಗೆ ಬಂದೆ. ಮನೆಯಲ್ಲಿ ಅಳು ಮುಗಿದುಹೋಗಿತ್ತು. ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಅವ್ವ ನಸುಕಿನಲ್ಲಿ ಎದ್ದು ಕಸ ಹೊಡೆದು ರೊಟ್ಟಿ ಬಡಿಯುತ್ತಿದ್ದಳು, ನೀಲಾಳ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ನೋಡಲು ಬಂದವರು, "ಅಲ್ಲೆ ಸಿಂಹ ಕಂಡ್ವೇನು? ಮಂದಿ ಏನ ತಿಂತಾರ?" ಎಂದು ಕೇಳಿ ಚಹಾ ಕುಡಿದು ಹೋದರು. ತಂಗಿಯ ಮಾತು ಒಬ್ಬರೂ ತೆಗೆಯಲಿಲ್ಲ. ನನಗೆ ನೋವಾಗಬಾರದೆಂದೇ ಇರಬೇಕು. ನನಗೆ ಯಾರ ಜೊತೆಗಾದರೂ ನೆಲದ ಮೇಲೆ ಕೂರಬೇಕಿತ್ತು. ಇಲ್ಲಿ ಅದರ ಕಾಲ ಮುಗಿದಿತ್ತು.

ಕೂಸು ಕದರಮಂಡಲಗಿಯಲ್ಲಿ ಅಜ್ಜಿಯ ಕೈಯಲ್ಲಿ ಆಕಳ ಹಾಲು ಕುಡಿದು ಬೆಳೆಯುತ್ತಿತ್ತು. ದೀಪಾವಳಿ ಕಳೆದ ಮೇಲೆ ನೀಲಾಳ ಗಂಡನಿಗೆ ಮತ್ತೆ ಲಗ್ನ ಮಾಡಿದರು. ಮೇಡ್ಲೇರಿಯ ಹುಡುಗಿ, ಸಾವಿತ್ರಿ. ತಪ್ಪೆನ್ನಲು ಬರುವಂತಿರಲಿಲ್ಲ, ಮನೆಯಲ್ಲಿ ಹಸುಗೂಸು, ವಯಸ್ಸಾದ ಅತ್ತೆ. ಆ ಸುದ್ದಿ ಕೇಳಿದ ದಿನ ಅವ್ವ ಮೊದಲ ಸಲ ತಾನಾಗಿ ಮಾತಾಡಿದಳು.

"ಕೂಸನ್ನ ಕರ್ಕೊಂಡ ಬಾ ಸುಮಾ. ಬಂದಾಕಿ ಹೆಂಗ ನೋಡ್ತಾಳೋ ಏನೋ. ನಾವ ಸಾಕೂಣು."

ಹಾಗೆ ಒಂದು ಚಳಿಗಾಲದ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ನೀಲಾಳ ಗಂಡ ಹೊಲಕ್ಕೆ ಹೋಗಿದ್ದ, ಅತ್ತೆ ಹನುಮಪ್ಪನ ಗುಡಿಗೆ. ಸಾವಿತ್ರಿ ಒಬ್ಬಳೇ ಇದ್ದಳು. ಸಣ್ಣ ವಯಸ್ಸು, ದುಂಡು ಮುಖ. "ಬರ್ರಿ ಅಕ್ಕಾರ," ಎಂದು ಕಾಲಿಗೆ ನೀರು ಕೊಟ್ಟಳು. ಕೂಸು ಅವಳ ಸೊಂಟದ ಮೇಲಿತ್ತು. ನೀಲಾಳದೇ ಹುಬ್ಬು. ಕೈ ಚಾಚಿದೆ, ಬರಲಿಲ್ಲ. ಬಲವಂತವಾಗಿ ಎತ್ತಿಕೊಂಡೆ, ಕಿಟಾರನೆ ಚೀರಿ, "ಅವ್ವಾ" ಎಂದು ಅವಳತ್ತ ಬಾಗಿತು. ಸಾವಿತ್ರಿ ತೆಗೆದುಕೊಂಡು ಬೆನ್ನು ಸವರಿದ್ದೇ ಸುಮ್ಮನಾಯಿತು. ಕರೆದೊಯ್ಯುವ ಮಾತನ್ನು ನಾನು ಬಾಯಿಂದ ತೆಗೆಯಲಿಲ್ಲ.

ಚಹಾ ತಂದುಕೊಟ್ಟು ಅವಳು ಎದುರಿಗೆ ಕೂತಳು. ಹೊರಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅಕ್ಕಾರ, ಒಂದ ಮಾತ ಕೇಳ್ಲೇನ್ರಿ? ಸಿಟ್ಟ ಆಗಬಾರದು."

"ಕೇಳವ್ವಾ."

"ಆಕಿ ಹೆಂಗಿದ್ಲ್ರೀ?"

"ಫೋಟೋ ಐತೆಲ್ಲ, ನೋಡಿಲ್ಲೇನು?"

"ಫೋಟೋದಾಗ ಲಗ್ನದ ಸೀರಿ ಉಟ್ಟ ನಿಂತಾರ. ಅದರಾಗ ಏನ ತಿಳೀತೈತ್ರಿ? ಈ ಮನ್ಯಾಗ ಯಾರೂ ಆಕಿ ಹೆಸರ ಎತ್ತಂಗಿಲ್ಲ, ನಾ ಇರ್ತೇನಿ ಅಂತ. ನಾ ಬಂದ್ರ ಮಾತ ನಿಲ್ಲಸ್ತಾರ. ನಾಳೆ ಈಕಿ ದೊಡ್ಡಾಕಿ ಆಗಿ, ನಮ್ಮವ್ವ ಹೆಂಗಿದ್ಲು ಅಂತ ಕೇಳಿದ್ರ ನಾ ಏನ ಹೇಳ್ಲಿ?"

ಚಹಾದ ಕಪ್ಪು ಕೆಳಗಿಟ್ಟೆ.

"ಆಕಿಗೆ ಖಾರ ಆಗ್ತಿದ್ದಿಲ್ಲ," ಎಂದೆ. "ಬ್ಯಾಡಗ್ಯಾಗ ಹುಟ್ಟಿ, ಬ್ಯಾಡಗ್ಯಾಗ ಬೆಳದು, ಒಂದ ಮೆಣಸಿನಕಾಯಿ ಹಲ್ಲಿಗೆ ಸಿಕ್ಕರ ಮನೀ ತುಂಬ ಕುಣದಾಡ್ತಿದ್ಲು. ಆಕೀನ್ನ ನೋಡಾಕ ಬಂದ ದಿನ ನಿಮ್ಮತ್ತಿ, ಬ್ಯಾಡಗಿ ಹುಡುಗಿ, ಕೈಯಾಗ ಖಾರ ಇರಬೇಕು ಅಂದ್ರು. ಈಕಿ ಒಳಗ ಬಂದು ಬಾಯಿಗೆ ಸೆರಗ ತುರುಕ್ಕೊಂಡು ನಕ್ಕಾಕಿ, ನಗೀ ನಿಲ್ಲವಲ್ದು. ಹೊರಗ ಎಲ್ಲಾರೂ ಕಾಯಾಕತ್ತಾರ, ಉಪ್ಪಿಟ್ಟ ಆರಾಕತ್ತೈತಿ..."

ಸಾವಿತ್ರಿ ನಕ್ಕಳು. ಹಾಗೇ ನಗುತ್ತ ಕಣ್ಣು ತುಂಬಿಕೊಂಡಳು. ಕೂಸು ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡಿತು. ಕಣ್ಣೊರೆಸಿಕೊಳ್ಳಲು ಕೈ ಬೇಕಾಗಿ ಅವಳು ಅದನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. ಈ ಸಲ ಅದು ಚೀರಲಿಲ್ಲ.

"ಮುಂದ ಹೇಳ್ರಿ ಅಕ್ಕಾ," ಎಂದಳು, ಇನ್ನಷ್ಟು ಹತ್ತಿರ ಸರಿದು.